ವಿದ್ಯುತ್ತಿಗೆ ಕಡಿವಾಣ; ಚಟಕ್ಕೆ?

ವಿದ್ಯುತ್ ಸಿಗರೇಟನ್ನು ಅಂಗಡಿಯಲ್ಲಿ ಕೊಳ್ಳದೆ, ಲಿಥಿಯಂ ಬ್ಯಾಟರಿ, ತಂತಿಯ ಸುರುಳಿ, ಹತ್ತಿ, ಶಕ್ತಿಯನ್ನು ಹದದಲ್ಲಿಡುವ ಸರ್ಕ್ಯೂಟ್ ಬೋರ್ಡು, ಇಷ್ಟನ್ನು ಕೂಡಿಸಿ ತಾವೇ ಬೆಸುಗೆ ಹಾಕಿಕೊಳ್ಳುವ ಹವ್ಯಾಸವೊಂದು ಲೋಕದಲ್ಲಿ ಹುಟ್ಟಿದೆ. ಇದು ಚಟವಲ್ಲ, ವಿಜ್ಞಾನ. ಸೇದುವುದಲ್ಲ, ಕಸುಬು ಎಂಬುದು ಅದರ ಪಕ್ಷಪಾತಿಗಳ ವಾದ. ಈ ಎರಡು ಗೌರವಗಳಲ್ಲಿ ಒಂದನ್ನೂ ನಾನು ಕೊಡಲಾರೆ.

ಬೋರ್ಡಿನ ಜಾಣತನವನ್ನು ಅಲ್ಲಗಳೆಯುವುದಿಲ್ಲ. ತುಂಬಿದ ಬ್ಯಾಟರಿಯ ಒತ್ತಡ 4.2 ವೋಲ್ಟ್. ಸುರುಳಿಯ ರೋಧ ಅರ್ಧ ಓಮ್ ಇದ್ದರೆ 8.4 ಆಂಪಿಯರ್ ಹರಿಯುತ್ತದೆ, 0.1 ಓಮಿಗೆ ಇಳಿಸಿದರೆ ಲೆಕ್ಕಕ್ಕೆ 42 ಆಂಪಿಯರ್! ಬೆರಳುಗಾತ್ರದ ಬ್ಯಾಟರಿ ತಾಳಲಾರದೆ ಸಿಡಿದೀತು. ಬೋರ್ಡು ರೋಧವನ್ನು ಅಳೆದು, ಒತ್ತಡವನ್ನು ಹೊಂದಿಸಿ, ಅಪಾಯ ಕಂಡರೆ ಪ್ರವಾಹವನ್ನು ಕಡಿಯುತ್ತದೆ. ಸರಿಯಷ್ಟೆ! ಆದರೆ ಅದು ಕಾಯುವುದು ಬ್ಯಾಟರಿಯನ್ನು, ಸೇದುವವನ ಶ್ವಾಸಕೋಶವನ್ನಲ್ಲ. ದ್ರವದಲ್ಲಿ ಏನಿದೆಯೆಂದು ಅದು ಬಲ್ಲುದೆ? 2019ರಲ್ಲಿ ಅಮೆರಿಕದಲ್ಲಿ ಇಂಥ ಉಪಕರಣಗಳನ್ನು ಸೇದಿದವರಲ್ಲಿ ಶ್ವಾಸಕೋಶದ ಬೇನೆ ಕಾಣಿಸಿತು. 2020ರ ಫೆಬ್ರುವರಿಯ ಹೊತ್ತಿಗೆ ಆಸ್ಪತ್ರೆ ಸೇರಿದ ಅಥವಾ ಸತ್ತವರ ಎಣಿಕೆ 2,807, ಸತ್ತವರೇ 68. ಬಹುಮಟ್ಟಿಗೆ ಕಾರಣವಾದದ್ದು ಗಾಂಜಾ ಸಾರದ ದ್ರವಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್, ನಿಕೋಟಿನ್ ಅಲ್ಲ ಎನ್ನುವಿರಿ. ನಿಜ. ಒಳಗೇನಿದೆಯೆಂದು ತಿಳಿಯದೆ ಸೇದಿದರೆಂಬುದೇ ನನ್ನ ಮಾತು.

ಬೀಡಿಗಿಂತ ಇದು ಮೇಲೆಂಬ ಇನ್ನೊಂದು ವಾದವಿದೆ. ಧೂಮಪಾನ ಬಿಡಲೆಳಸುವವರಿಗೆ ಬ್ರಿಟನ್ನಿನ ಆರೋಗ್ಯ ಸೇವೆ ಇದನ್ನು ಸಾಧನವೆಂದು ಒಪ್ಪಿರುವುದೂ ಉಂಟು. ಅದು ಬೀಡಿ ಬಿಡುವವನ ಮಾತು. ಬೀಡಿಯನ್ನೇ ಮುಟ್ಟದ ಹುಡುಗನಿಗೆ ಅದರಿಂದೇನು?

ಕರ್ನಾಟಕ ಇದನ್ನು 2016ರಲ್ಲೇ ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾಯಿದೆಯೂ ಬಂತು. ಅದರ ಪ್ರಕಾರ ಜೋಡಣೆಯೂ ತಯಾರಿಕೆಯೇ. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆದರೆ ಕಾಯಿದೆಯನ್ನು ತೋರಿಸಿ ಕೈತೊಳೆದುಕೊಳ್ಳುವ ದೊಡ್ಡವರ ಮೇಲೆ ನನಗೆ ಹೆಚ್ಚಿನ ದೂರಿದೆ. ಹುಡುಗನ ಕೈ ಬೆಸುಗೆಕೋಲನ್ನು ಬಯಸುವುದು ಅಪರಾಧವೆ? ಆ ಕೈಗೆ ನಾವು ಕೊಟ್ಟ ಕೆಲಸವೇನು? ಕೊಪ್ಪಳದ ಮಗ್ಗುಲಿನ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಿಂದ ಬೊಂಬೆಯನ್ನೂ ದೇವರನ್ನೂ ಮಾಡುತ್ತಾರೆ. ಮಾಡಿದ ವಸ್ತು ಮಾಡಿದವನ ಕೈದಾಟಿ ಇನ್ನೊಬ್ಬರ ಮನೆ ಸೇರುತ್ತದೆ, ಕಸುಬೆಂದರೆ ಅದು. ತನ್ನ ಬಾಯಿಗೇ ಮರಳುವ ಹೊಗೆಯಲ್ಲ.

ಬೋರ್ಡಿನ ವಿದ್ಯೆಗೆ ನಮ್ಮಲ್ಲಿ ಬರವೆಲ್ಲಿದೆ? ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿವೆ. ಕುಷ್ಟಗಿ, ಯಲಬುರ್ಗಾಗಳ ಬಯಲಿನಲ್ಲಿ ರೈತ ಕೊಳವೆಬಾವಿಯನ್ನು ನಂಬಿ ಕೂತಿದ್ದಾನೆ. ಒತ್ತಡ ಇಳಿದಾಗ ಪಂಪಿನ ಮೋಟಾರು ಹೆಚ್ಚು ಪ್ರವಾಹವನ್ನೆಳೆದು ಕಾದು ಸುಡುತ್ತದೆ. ಅಳೆಯುವುದು, ಹೊಂದಿಸುವುದು, ಅಪಾಯ ಕಂಡರೆ ಕಡಿಯುವುದು: ಇಲ್ಲಿ ಬೇಕಾದದ್ದೂ ಇದೇ ವಿದ್ಯೆಯಲ್ಲವೆ?

ಐಟಿಐ, ಪಾಲಿಟೆಕ್ನಿಕ್ಕುಗಳ ಬಾಗಿಲನ್ನು ಸಂಜೆ ಎರಡು ತಾಸು ಊರ ಹುಡುಗರಿಗೆ ತೆರೆಯಿರಿ. ಒಂದು ಮೇಜು, ಒಂದು ಮೀಟರು, ಸುಟ್ಟ ನಾಲ್ಕು ಸ್ಟಾರ್ಟರುಗಳನ್ನು ಅವರ ಮುಂದಿಡಿ. ಇಷ್ಟನ್ನೂ ಮಾಡದೆ ಹುಡುಗರು ಕೆಟ್ಟರೆಂದು ಹಲುಬುವ ಹಕ್ಕು ನಮಗಿಲ್ಲ.