ಮಗುವಿನ ಪ್ರಯಾಣಕ್ಕೆ ಇಬ್ಬರ ಸಮ್ಮತಿ

ಭಟ್ಕಳ, ಮಂಗಳೂರು ಕಡೆಯ ನಮ್ಮ ಎಷ್ಟೋ ಮನೆಗಳಲ್ಲಿ ತಂದೆ ಕೊಲ್ಲಿ ರಾಷ್ಟ್ರದಲ್ಲಿ, ತಾಯಿ-ಮಕ್ಕಳು ಊರಿನಲ್ಲಿ. ಮಗುವಿನ ಪಾಸ್‌ಪೋರ್ಟಿಗೆ ‘ಅನುಬಂಧ ಡಿ’ ಎಂಬ ಘೋಷಣಾಪತ್ರದಲ್ಲಿ ಇಬ್ಬರ ಸಹಿಯನ್ನೂ ಕೇಳಿದಾಗ ನಾವು ಗೊಣಗುತ್ತೇವೆ: ಹೆತ್ತವಳ ಮಾತು ಸಾಲದೇ? ಮಗು ಒಬ್ಬರೊಂದಿಗೇ ಹೊರಟಾಗ ಇನ್ನೊಬ್ಬರ ಒಪ್ಪಿಗೆ ಪತ್ರ ಕೇಳುವ ದೇಶಗಳೂ ಇವೆ.

ಈ ಗೊಣಗಾಟ ನಮಗೆ ಶೋಭಿಸದು. ಎದೆಹಾಲು ಬಿಡಿಸುವುದಕ್ಕೂ ತಂದೆ-ತಾಯಿಯರ ಪರಸ್ಪರ ಸಮ್ಮತಿ, ಸಮಾಲೋಚನೆಗಳನ್ನು ಪವಿತ್ರ ಕುರ್‌ಆನ್ (2:233) ಮುಂದಿಡುತ್ತದೆ. ಮಗು ಕಡಲು ದಾಟುವುದು ಅದಕ್ಕಿಂತ ಸಣ್ಣ ಸಂಗತಿಯೇ? ಒಬ್ಬರಿಗೆ ತಿಳಿಯದಂತೆ ಕರೆದೊಯ್ದ ಮಗುವನ್ನು ಮರಳಿ ಪಡೆಯುವುದು ಸುಲಭವಲ್ಲ. ಅದಕ್ಕೆಂದೇ ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಯೂ ಇಲ್ಲ.

ಆದರೆ ಸಹಿಯನ್ನೇ ಅಸ್ತ್ರವಾಗಿಸುವವರಿದ್ದಾರೆ. ತಲಾಕ್‌ನ ಬಳಿಕ ಮಗುವಿನ ಖರ್ಚಿಗೆ ಬಿಡಿಗಾಸು ಕಳುಹಿಸದ ತಂದೆಗೆ, ಆಕೆ ಮಗುವಿನೊಂದಿಗೆ ಉಮ್ರಾಕ್ಕೆ ಹೊರಟಾಗ ಮಾತ್ರ ತನ್ನ ಹಕ್ಕು ನೆನಪಾಗುತ್ತದೆ. ಮಗುವಿನ ನೆಪದಲ್ಲಿ ತಾಯಿಯನ್ನಾಗಲಿ ತಂದೆಯನ್ನಾಗಲಿ ಪೀಡಿಸುವುದನ್ನು ಅದೇ ವಚನ ನಿಷೇಧಿಸಿದೆ. ಒಬ್ಬರ ಸಮ್ಮತಿ ದೊರೆಯದಿದ್ದರೆ ಕಾನೂನಿನಲ್ಲಿ ‘ಅನುಬಂಧ ಸಿ’ಯ ದಾರಿಯಿದೆ, ನಿಜ. ಅಲ್ಲಿಯವರೆಗೆ ಹೋಗಬೇಕೇಕೆ? ತಲಾಕ್‌ನ ಮಾತುಕತೆಯಲ್ಲಿ ಜಮಾಅತ್‌ನ ಹಿರಿಯರು ಮಹರ್, ಚಿನ್ನದ ಲೆಕ್ಕಕ್ಕೆ ಗಂಟೆಗಟ್ಟಲೆ ಕೂರುತ್ತಾರೆ. ಮಗುವಿನ ಪಾಸ್‌ಪೋರ್ಟ್ ಯಾರ ಬಳಿ ಇರಬೇಕು, ಪ್ರಯಾಣಕ್ಕೆ ಒಪ್ಪಿಗೆ ಹೇಗೆ ಎಂಬುದನ್ನೂ ಅಂದೇ ಬರೆಸಿಡಲಿ.