ಕೆರೆಯ ಶಾಸನವೂ ಉಳಿಯಲಿ

ಶಿಲಾಶಾಸನವೊಂದು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಸಿಕ್ಕಿತೆಂದರೆ ನಾವು ಮರುಗುತ್ತೇವೆ, ಮರುಗತಕ್ಕದ್ದೇ. ಆದರೆ ಸೂಕ್ಷ್ಮದರ್ಶಕದ ಹಳೆಯ ಸ್ಲೈಡುಗಳ ಪೆಟ್ಟಿಗೆ ರದ್ದಿಯೊಡನೆ ಹೊರಬಿದ್ದರೆ ಮರುಗುವವರಾರು? ಅದೂ ನಾಡಿನ ದಾಖಲೆಯೇ ಎಂಬುದು ನಮ್ಮ ಲಕ್ಷ್ಯಕ್ಕೆ ಇನ್ನೂ ಬಂದಿಲ್ಲ.

ಕೆರೆಹಳ್ಳಗಳ ನೀರಿನಲ್ಲಿ ಡಯಾಟಂ ಎಂಬ ಏಕಕೋಶದ ಪಾಚಿಗಳಿವೆ. ಅವುಗಳ ಕವಚ ಸಿಲಿಕದ್ದು. ಜೀವ ಹೋದರೂ ಕವಚ ಉಳಿಯುತ್ತದೆ. ತಿಳಿನೀರಿನಲ್ಲಿ ಬೆಳೆಯುವ ಜಾತಿಗಳು ಬೇರೆ, ಕೊಳಚೆಯನ್ನು ಸಹಿಸುವ ಜಾತಿಗಳು ಬೇರೆ. ಶೈವಲಶಾಸ್ತ್ರಜ್ಞರಾದ ಎಚ್. ಪಿ. ಗಾಂಧಿಯವರು ಧಾರವಾಡದ ಸಿಹಿನೀರಿನ ಡಯಾಟಂಗಳನ್ನು ಕುರಿತ ತಮ್ಮ ಲೇಖನವನ್ನು 1956ರಲ್ಲಿ ಪ್ರಕಟಿಸಿದರು. ಹುಬ್ಬಳ್ಳಿ-ಧಾರವಾಡಗಳು ಒಂದೇ ಪಾಲಿಕೆಗೆ ಸೇರಿದ್ದು 1962ರಲ್ಲಿ. ಇಂದು ಎರಡೂ ಊರುಗಳ ನಡುವೆ ನವನಗರ ಬೆಳೆದು ನಿಂತಿದೆ. ಊರು ಹೀಗೆ ಹಬ್ಬುವ ಮೊದಲು ಇಲ್ಲಿಯ ನೀರು ಎಂತಹದಿತ್ತೆಂಬುದಕ್ಕೆ ಆ ಕಾಲದ ಮಾದರಿಗಳಿಗಿಂತ ನಂಬತಕ್ಕ ಸಾಕ್ಷಿ ಯಾವುದು? ಉಣಕಲ್ಲಿನ ಕೆರೆಯನ್ನು ಶುದ್ಧಗೊಳಿಸಬೇಕೆನ್ನುವವರು, ಯಾವ ಸ್ಥಿತಿಗೆ ಅದನ್ನು ಮರಳಿಸಬೇಕೆಂಬುದನ್ನೂ ಅರಿತಿರಬೇಕಷ್ಟೆ.

ಲೇಖನವಿದೆ, ಅದರಲ್ಲಿ ಹೆಸರುಗಳಿವೆ. ಗಾಜಿನ ತುಣುಕು ಏತಕ್ಕೆ ಎಂದು ಕೆಲವರು ಕೇಳಬಹುದು. ಚಿತ್ರ ತೋರಿಸುವುದು ಅಂದಿನ ಉಪಕರಣಕ್ಕೆ ಕಂಡಷ್ಟನ್ನು ಮಾತ್ರ. ಇಂದಿನ ಇಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಾಣುವುದು ಎಷ್ಟೋ ಹೆಚ್ಚು. ಗಾಂಧಿಯವರು ಕೊಲ್ಲಾಪುರದಿಂದ ವರದಿ ಮಾಡಿದ್ದ ಗಾಂಫೋನೀಮಾ ಜಾತಿಗಳನ್ನು ಕಾರ್ತಿಕ್ ಮತ್ತು ಕೊಸಿಯೋಲೆಕ್ ಎಂಬ ವಿದ್ವಾಂಸರು 2012ರಲ್ಲಿ ಪುನಃ ವಿಮರ್ಶಿಸಿದರು. ಇಂತಹ ವಿಮರ್ಶೆಗೆ ಮೂಲ ಮಾದರಿಯೇ ಕೊನೆಯ ಪ್ರಮಾಣ.

ಇದು ಪಂಡಿತರೊಬ್ಬರದೇ ಕೆಲಸವಲ್ಲ. ಡೆಲ್ಫ್ಟ್ ನಗರದ ಲೇವನ್‌ಹುಕ್ ಬಟ್ಟೆಯ ವ್ಯಾಪಾರಿ. ಅವನು 1674ರಿಂದ ಪತ್ರಗಳೊಡನೆ ಕಳುಹಿಸಿದ ಮಾದರಿಗಳು ಲಂಡನ್ನಿನ ರಾಯಲ್ ಸೊಸೈಟಿಯ ಕಾಗದಗಳಲ್ಲಿ ಭದ್ರವಾಗಿದ್ದು 1981ರಲ್ಲಿ ಬೆಳಕಿಗೆ ಬಂದವು. ಅದೇ ಲಂಡನ್ನಿನಲ್ಲಿ 1865ರಲ್ಲಿ ಹುಟ್ಟಿದ ಕ್ವೆಕೆಟ್ ಸೂಕ್ಷ್ಮದರ್ಶಕ ಸಂಘವು ಹವ್ಯಾಸಿಗಳಿಂದಲೇ ಬೆಳೆದದ್ದು. ಬಟ್ಟೆಯ ವ್ಯಾಪಾರಕ್ಕೆ ಹೆಸರಾದ ಹುಬ್ಬಳ್ಳಿಯಲ್ಲಿ ಇಂತಹ ಆಸಕ್ತರು ಹುಟ್ಟಬಾರದೆಂದೇನೂ ಇಲ್ಲ.

ಆಗಬೇಕಾದ ಕೆಲಸ ದೊಡ್ಡದಲ್ಲ. ನಿವೃತ್ತ ಅಧ್ಯಾಪಕರ ಮನೆಗಳಲ್ಲಿ, ಕಾಲೇಜುಗಳ ಕಪಾಟುಗಳಲ್ಲಿ ಇರುವ ಸ್ಲೈಡುಗಳ ಯಾದಿಯಾಗಲಿ. ಸ್ಥಳ, ದಿನಾಂಕ, ಸಂಗ್ರಾಹಕರ ಹೆಸರುಗಳುಳ್ಳ ಚೀಟಿಯನ್ನು ಕಿತ್ತೆಸೆಯದೆ ಅದರ ನಕಲನ್ನು ಬರೆದಿಡಲಿ. ಚೀಟಿ ಹೋದ ಸ್ಲೈಡು ತನ್ನ ಸಾಕ್ಷ್ಯದ ಬಹುಭಾಗವನ್ನು ಕಳೆದುಕೊಳ್ಳುತ್ತದೆ. ಅಂಟು ಒಣಗಿ ಬಿರಿಯುವ ಮುನ್ನ ಅವುಗಳ ಛಾಯಾಚಿತ್ರ ತೆಗೆಯಲಿ. ಅವುಗಳಿಗೆ ಕರ್ನಾಟಕ ವಿಶ್ವವಿದ್ಯಾಲಯವು ಒಂದು ತಂಪಾದ ಕೋಣೆಯನ್ನೂ ಒಬ್ಬ ಜವಾಬ್ದಾರ ಪಾಲಕರನ್ನೂ ಕೊಡಲಿ. ಸಂಗ್ರಾಹಕರು ತೀರಿಕೊಂಡ ಮೇಲೆ ಪೆಟ್ಟಿಗೆಯ ಬೆಲೆಯನ್ನು ಹೇಳಬಲ್ಲವರು ಮನೆಯಲ್ಲಿ ಉಳಿದಿರುವುದಿಲ್ಲ. ಆದುದರಿಂದ ಈ ಕಾರ್ಯವು ಅವರಿರುವಾಗಲೇ ನಡೆಯಬೇಕು.