‘ಅದು ನಾನಲ್ಲ’ ಎಂದಷ್ಟೇ ಸಾಲದು



ಹಳೆಯ ಶಾಲಾದಿನಗಳ ನೆನಪುಗಳನ್ನೋ ಓದಿದ ಪುಸ್ತಕಗಳ ವಿಚಾರವನ್ನೋ ಇಲ್ಲಿ ನಿರೀಕ್ಷಿಸುವ ನಿಮಗೆ ಇಂದಿನ ವಿಷಯ ವಿಚಿತ್ರವೆನಿಸಬಹುದು. ಪೂರ್ವ ಲಂಡನ್ನಿನ ಬಡ ಬಡಾವಣೆಗಳಲ್ಲಿ ಹುಟ್ಟಿದ ‘ಗ್ರೈಮ್’ ಎಂಬ ಸಂಗೀತದ ಬಗ್ಗೆ ಬರೆಯಹೊರಟಿದ್ದೇನೆ. ನಿವೃತ್ತ ಮೇಷ್ಟ್ರಿಗೂ ಆ ಗದ್ದಲದ ಹಾಡಿಗೂ ಏನು ಸಂಬಂಧವೆಂದು ನೀವು ನಗಬಹುದು. ಆದರೆ ಆ ಸಂಗೀತದ ಇಪ್ಪತ್ತು ಚಿಲ್ಲರೆ ವರ್ಷಗಳ ಕಥೆಯೆಂದರೆ ‘ನಾನು ಯಾರು’ ಎಂಬ ಪ್ರಶ್ನೆಗೆ ಎಳೆಯರು ಉತ್ತರ ಹುಡುಕಿದ ಕಥೆ. ಹುಡುಕುತ್ತ ಎಡವಿದ ಕಥೆ. ಜೀವಮಾನವಿಡೀ ಹದಿಹರೆಯದವರ ನಡುವೆ ಕಳೆದವನಿಗೆ ಇದಕ್ಕಿಂತ ಹತ್ತಿರದ ವಿಷಯ ಬೇರೇನಿದ್ದೀತು?

ಮೊದಲು ಅದರ ಹುಟ್ಟನ್ನು ಹೇಳಬೇಕು. ಪೂರ್ವ ಲಂಡನ್ನಿನ ಬೋ ಎಂಬ ಪ್ರದೇಶದ ಸರ್ಕಾರಿ ವಸತಿಗೃಹಗಳ ಮೇಲಿನ ಮಹಡಿಗಳಿಂದ ನೋಡಿದರೆ ಕೆನರಿ ವಾರ್ಫ್‌ನ ಬ್ಯಾಂಕುಗಳ ಗಗನಚುಂಬಿ ಕಟ್ಟಡಗಳು ಕಾಣುತ್ತವೆ. ಸಂಪತ್ತು ಕಣ್ಣಿಗೆ ಅಷ್ಟು ಹತ್ತಿರ, ಕೈಗೆ ಅಷ್ಟೇ ದೂರ. 2000ದ ಆಸುಪಾಸಿನಲ್ಲಿ ಅಲ್ಲಿಯ ಹುಡುಗರು, ಹೆಚ್ಚಿನವರು ಕೆರಿಬಿಯನ್ ಮತ್ತು ಆಫ್ರಿಕ ಮೂಲದ ಕುಟುಂಬಗಳವರು, ಲಂಡನ್ನಿನ ಗರಾಜ್ ಮತ್ತು ಜಂಗಲ್ ಸಂಗೀತವನ್ನೂ ಜಮೈಕದ ಡಾನ್ಸ್‌ಹಾಲ್ ಶೈಲಿಯನ್ನೂ ಬೆರೆಸಿ, ನಿಮಿಷಕ್ಕೆ ಸುಮಾರು 140 ಪೆಟ್ಟುಗಳ ಓಟದಲ್ಲಿ ಹೊಸತೊಂದನ್ನು ಕಟ್ಟಿದರು. ಅಗ್ಗದ ಕಂಪ್ಯೂಟರ್ ತಂತ್ರಾಂಶವೇ ಅವರ ವಾದ್ಯವೃಂದ. 1994ರಲ್ಲಿ ಆರಂಭವಾದ ರಿನ್ಸ್ ಎಫ್‌ಎಂನಂತಹ ಪರವಾನಗಿಯಿಲ್ಲದ ರೇಡಿಯೊ ಕೇಂದ್ರಗಳೇ ಅವರ ರಂಗಮಂಟಪ. ಅಲ್ಲಿ ಒಬ್ಬರಿಗೊಬ್ಬರು ಸವಾಲು-ಜವಾಬಿನ ಧಾಟಿಯಲ್ಲಿ ಪ್ರಾಸಬದ್ಧವಾಗಿ ನುಡಿಯುತ್ತಿದ್ದರು. ಬಹು ಮುಖ್ಯವಾದುದೆಂದರೆ, ಅವರು ಅಮೆರಿಕದ ರ‍್ಯಾಪ್ ಗಾಯಕರ ಉಚ್ಚಾರಣೆಯನ್ನು ಅನುಕರಿಸದೆ ತಮ್ಮ ಬೀದಿಯ ಇಂಗ್ಲಿಷಿನಲ್ಲೇ ಹಾಡಿದರು.

ಡಿಜ್ಜೀ ರಾಸ್ಕಲ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಡಿಲನ್ ಮಿಲ್ಸ್ ಇವರಲ್ಲೊಬ್ಬ. ಹಲವು ಶಾಲೆಗಳಿಂದ ಹೊರಹಾಕಲ್ಪಟ್ಟ ಈ ಹುಡುಗನಿಗೆ ಕೊನೆಯ ಶಾಲೆಯಲ್ಲಿ ಉಳಿದದ್ದು ಸಂಗೀತದ ತರಗತಿಯೊಂದೇ. ಅಲ್ಲಿಯ ಸಂಗೀತದ ಮೇಷ್ಟ್ರು ಅವನನ್ನು ಶಾಲೆಯ ಕಂಪ್ಯೂಟರಿನ ಮುಂದೆ ಕುಳಿತು ತನ್ನಿಷ್ಟದ ಲಯ ಕಟ್ಟಲು ಬಿಟ್ಟರು. 2003ರಲ್ಲಿ ಅವನ ಮೊದಲ ಆಲ್ಬಂ ‘ಬಾಯ್ ಇನ್ ಡ ಕಾರ್ನರ್’ ಪ್ರತಿಷ್ಠಿತ ಮರ್ಕ್ಯುರಿ ಪ್ರಶಸ್ತಿಯನ್ನು ಗೆದ್ದಾಗ ಅವನಿಗೆ ಹದಿನೆಂಟು ವರ್ಷ. ಮೂಲೆಯಲ್ಲಿ ನಿಂತ ಹುಡುಗ ಎಂಬ ಅರ್ಥದ ಆ ಶೀರ್ಷಿಕೆಯನ್ನು ತರಗತಿಯಲ್ಲಿ ನಿಂತು ಪಾಠ ಹೇಳಿದ ಯಾರೇ ಆದರೂ ಸುಲಭವಾಗಿ ಮರೆಯಲಾರರು.

ಆದರೆ ಈ ಶಿಶುವಿಗೆ ಹೆಸರೇ ಗಟ್ಟಿಯಾಗಿ ನಿಂತಿರಲಿಲ್ಲ. ‘ಗ್ರೈಮ್’ ಎಂದರೆ ಮೈಗಂಟಿದ ಜಿಡ್ಡು, ಕೊಳೆ. ಇದರ ಹಿರಿಯಣ್ಣನೆನಿಸಿದ ವೈಲಿ ತನ್ನ ಶೈಲಿಯನ್ನು ‘ಎಸ್ಕಿ’ ಎಂದು ಬೇರೆಯೇ ಕರೆದುಕೊಂಡ. 2004ರಲ್ಲಿ ಅವನು ಹೊರತಂದ ಹಾಡಿನ ಹೆಸರೇ ‘ವಾಟ್ ಡು ಯು ಕಾಲ್ ಇಟ್’, ಅಂದರೆ ಇದನ್ನು ಏನೆಂದು ಕರೆಯುತ್ತೀರಿ ಎಂಬ ಪ್ರಶ್ನೆ. ಇದು ಗರಾಜ್ ಅಲ್ಲ ಎಂಬುದು ಅವನಿಗೆ ಖಚಿತವಾಗಿತ್ತು. ಏನಲ್ಲ ಎಂಬುದು ತಿಳಿದಿತ್ತು. ಏನು ಎಂಬುದಿನ್ನೂ ತೀರ್ಮಾನವಾಗಬೇಕಿತ್ತು.

ಅಷ್ಟರಲ್ಲಿ ಬಾಗಿಲುಗಳು ಮುಚ್ಚತೊಡಗಿದವು. 2005ರಲ್ಲಿ ಲಂಡನ್ನಿನ ಪೊಲೀಸರು ‘ಫಾರ್ಮ್ 696’ ಎಂಬ ನಮೂನೆಯನ್ನು ಜಾರಿಗೆ ತಂದರು. ಕ್ಲಬ್ಬುಗಳಲ್ಲಿ ನಡೆದ ಗುಂಡಿನ ಪ್ರಕರಣಗಳು ಅದಕ್ಕೆ ಕಾರಣವೆಂದು ಹೇಳಲಾಯಿತು. ಕಾರ್ಯಕ್ರಮದ ಎರಡು ವಾರ ಮೊದಲೇ ಕಲಾವಿದರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಕೊಡಬೇಕಿತ್ತು. ಆರಂಭದ ನಮೂನೆಯಲ್ಲಿ ಸಂಗೀತದ ಶೈಲಿ ಯಾವುದು, ಬರುವ ಪ್ರೇಕ್ಷಕರು ಯಾವ ಜನಾಂಗದವರು ಎಂಬ ಪ್ರಶ್ನೆಗಳೂ ಇದ್ದವು. ಪಾತಕವನ್ನು ತಡೆಯುವುದು ಪೊಲೀಸರ ಧರ್ಮ, ಒಪ್ಪೋಣ. ಆದರೆ ಕೇಳುಗರ ಚರ್ಮದ ಬಣ್ಣದಿಂದ ಹಾಡಿನ ಅಪಾಯವನ್ನು ಅಳೆಯುವುದು ಯಾವ ನ್ಯಾಯ? ಆ ನಮೂನೆ ಸಂಪೂರ್ಣವಾಗಿ ರದ್ದಾದದ್ದು 2017ರ ನವೆಂಬರಿನಲ್ಲಿ. ಈ ಹುಡುಗರ ತಪ್ಪು ಹೆಜ್ಜೆಗಳನ್ನು ಎಣಿಸುವವರು ಈ ಹನ್ನೆರಡು ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತಮ್ಮ ಹಾಡಿಗೆ ಸಭಾಂಗಣ ಸಿಗದಾದಾಗ ಹಲವರು ವೇಷ ಬದಲಿಸಿದರು. 2008ರಲ್ಲಿ ವೈಲಿಯ ‘ವೇರಿಂಗ್ ಮೈ ರೋಲೆಕ್ಸ್’ ಬ್ರಿಟನ್ನಿನ ಜನಪ್ರಿಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಅದೇ ವರ್ಷ ‘ಡಾನ್ಸ್ ವಿವ್ ಮಿ’, ಮರುವರ್ಷ ‘ಬಾಂಕರ್ಸ್’ ಹಾಡುಗಳಿಂದ ಡಿಜ್ಜೀ ಮೊದಲ ಸ್ಥಾನವನ್ನೇ ಹಿಡಿದ. 2010ರಲ್ಲಿ ವೈಲಿ ಕಟ್ಟಿದ್ದ ‘ರೋಲ್ ಡೀಪ್’ ತಂಡದ ‘ಗುಡ್ ಟೈಮ್ಸ್’ ಕೂಡ ಅಲ್ಲಿಗೇರಿತು. ಇವೆಲ್ಲ ನೃತ್ಯಶಾಲೆಯ ಮೆರುಗಿನ ಹಾಡುಗಳು. ಹಳೆಯ ಅಭಿಮಾನಿಗಳು ‘ಮಾರಿಕೊಂಡರು’ ಎಂದು ಜರೆದರು.

ಈ ಜರೆತ ನನಗೆ ಒಪ್ಪಿಗೆಯಾಗದು. ಬಡತನದಲ್ಲಿ ಬೆಳೆದವನು ದುಡಿದು ಮನೆ ಕಟ್ಟಿಕೊಂಡರೆ ಅದು ದ್ರೋಹವಲ್ಲ. ದೂರ ಕುಳಿತ ಕೇಳುಗನ ರುಚಿಗಾಗಿ ಕಲಾವಿದ ಎಂದೆಂದಿಗೂ ಬಡಾವಣೆಯ ಮೆಟ್ಟಿಲ ಮೇಲೆಯೇ ಕುಳಿತಿರಬೇಕೆಂಬುದು ಒಂದು ಬಗೆಯ ಕ್ರೌರ್ಯ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಡಿಜ್ಜೀ ‘ಬಾಂಕರ್ಸ್’ ಹಾಡಿದ. ಆ ಕ್ರೀಡಾಂಗಣ ಅವನು ಬೆಳೆದ ಬೀದಿಗಳಿಗೆ ತೀರ ಸಮೀಪ. ಆ ಗೆಲುವನ್ನು ಯಾರೂ ಕಿರಿದು ಮಾಡಬಾರದು. ತಪ್ಪು ಹೆಜ್ಜೆಯಿದ್ದದ್ದು ಗಳಿಕೆಯಲ್ಲಲ್ಲ. ತನ್ನ ದನಿ ಇದ್ದಂತೆಯೇ ಯಾರಿಗೂ ಬೇಡವಾದೀತೆಂಬ ಅಳುಕಿನಲ್ಲಿ.

ಈ ಅಳುಕನ್ನು ಬಾಯಿಬಿಟ್ಟು ಹೇಳಿದವನು ಸ್ಕೆಪ್ಟಾ. ನೈಜೀರಿಯ ಮೂಲದ ತಂದೆತಾಯಿಯರ ಮಗನಾದ ಈತನೂ ಅದೇ ಮೆರುಗಿನ ದಾರಿಯಲ್ಲಿ ನಡೆದಿದ್ದವನೇ. 2012ರಲ್ಲಿ ಕ್ಯಾಮೆರಾದ ಮುಂದೆ ಕುಳಿತು, ಸದಾ ಹಿಂದುಳಿದವನೆಂದು ಭಾವಿಸಿಕೊಳ್ಳುವ ಮನಸ್ಸಿನ ಬೇನೆಯನ್ನು ಕುರಿತು ದೀರ್ಘವಾಗಿ ಮಾತನಾಡಿದ. 2014ರಲ್ಲಿ ತಮ್ಮನಾದ ಜೆಎಂಇಯೊಂದಿಗೆ ‘ದಟ್ಸ್ ನಾಟ್ ಮಿ’ ಹಾಡಿದ. ಅದು ನಾನಲ್ಲ ಎಂದು ದುಬಾರಿ ಉಡುಪಿನ ಸೋಗನ್ನು ಕಳಚಿಟ್ಟ ಹಾಡು. ಕೇವಲ 80 ಪೌಂಡ್ ಖರ್ಚಿನಲ್ಲಿ ತಯಾರಾಯಿತೆನ್ನಲಾದ ಅದರ ವಿಡಿಯೊ ಪ್ರಶಸ್ತಿಯನ್ನೂ ಪಡೆಯಿತು. 2016ರಲ್ಲಿ ಅವನ ‘ಕೊನ್ನಿಚಿವ’ ಆಲ್ಬಂ ಡೇವಿಡ್ ಬೋವಿಯಂತಹ ಮಹನೀಯರ ಕೊನೆಯ ಕೃತಿಯೂ ಸ್ಪರ್ಧೆಯಲ್ಲಿದ್ದಾಗ ಮರ್ಕ್ಯುರಿ ಪ್ರಶಸ್ತಿಯನ್ನು ಗೆದ್ದಿತು.

ನನ್ನನ್ನು ಹೆಚ್ಚು ತಟ್ಟಿದ್ದು ಬೇರೊಂದು ಸಂಗತಿ. ನೈಜೀರಿಯದ ಗಾಯಕ ವಿಜ್‌ಕಿಡ್‌ನ ‘ಒಜುಯೆಲೆಗ್ಬಾ’ ಹಾಡಿನ 2015ರ ಮರುಆವೃತ್ತಿಯಲ್ಲಿ ಸ್ಕೆಪ್ಟಾ ತನ್ನ ಶಾಲಾದಿನಗಳನ್ನು ನೆನೆಯುತ್ತಾನೆ: ಆಫ್ರಿಕದವನೆಂಬುದೇ ಅಲ್ಲಿ ಬೈಗುಳವಾಗಿತ್ತು, ಅವನ ಮನೆತನದ ಹೆಸರು ಶಿಕ್ಷಕಿಯ ನಾಲಿಗೆಗೆ ಒಗ್ಗುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ತನ್ನ ಹೆಸರು ಬರುವ ಸರದಿಗೆ ಮುನ್ನವೇ ತಲೆ ತಗ್ಗಿಸುವ ಮಗುವಿನ ಮನಸ್ಸನ್ನು ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ. ನಿಮ್ಮಲ್ಲಿ ಹೊರದೇಶಗಳಲ್ಲಿ ನೆಲೆಸಿದವರ ಮಕ್ಕಳೂ ಪ್ರತಿದಿನ ಇಂತಹ ಹಾಜರಿಗೆ ಓಗೊಡುತ್ತಿರಬಹುದು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ 2020ರ ಜುಲೈನಲ್ಲಿ ವೈಲಿ ಯಹೂದ್ಯರ ವಿರುದ್ಧ ಸಾಮಾಜಿಕ ಜಾಲತಾಣಗಳಲ್ಲಿ ಸಾಲುಸಾಲಾಗಿ ದ್ವೇಷದ ಮಾತುಗಳನ್ನು ಬರೆದ. ಅವನ ವ್ಯವಸ್ಥಾಪಕರು ಅವನನ್ನು ಕೈಬಿಟ್ಟರು. 2018ರಲ್ಲಿ ದೊರೆತಿದ್ದ ಎಂಬಿಇ ಗೌರವವನ್ನು 2024ರಲ್ಲಿ ಹಿಂಪಡೆಯಲಾಯಿತು. ತನ್ನ ಜನರ ಕೇಳುಗತನವನ್ನು ಬಣ್ಣದಿಂದ ಅಳೆದ ವ್ಯವಸ್ಥೆಯಲ್ಲಿ ನೊಂದವನು, ಇನ್ನೊಂದು ಜನಾಂಗವನ್ನು ಅದೇ ತಕ್ಕಡಿಗೆ ಹಾಕಿದ. ನನ್ನ ದೃಷ್ಟಿಯಲ್ಲಿ ಈ ಸಂಗೀತದ ಅತಿ ದೊಡ್ಡ ಎಡವಟ್ಟು ಇದೇ ಹೊರತು ನೃತ್ಯಶಾಲೆಯ ಹಾಡುಗಳಲ್ಲ. ತನ್ನದೇ ದನಿ ಎಂಬ ಒಂದೇ ಕಾರಣಕ್ಕೆ ಆಡಿದ್ದೆಲ್ಲ ಸತ್ಯವಾಗುವುದಿಲ್ಲ.

ಸ್ಟಾರ್ಮ್‌ಜಿಯ ದಾರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2017ರಲ್ಲಿ ಅವನ ‘ಗ್ಯಾಂಗ್ ಸೈನ್ಸ್ ಅಂಡ್ ಪ್ರೇಯರ್’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಗ್ರೈಮ್ ಆಲ್ಬಂ ಆಯಿತು. ಅದರಲ್ಲಿ ಬೀದಿಯ ಗರ್ಜನೆಯೂ ಇದೆ, ಚರ್ಚಿನ ಪ್ರಾರ್ಥನೆಯೂ ಇದೆ. 2018ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಕಪ್ಪುವರ್ಣೀಯ ವಿದ್ಯಾರ್ಥಿಗಳಿಗಾಗಿ ವಿದ್ಯಾರ್ಥಿವೇತನ ಆರಂಭಿಸಿದ. ತಾನು ಏನಲ್ಲ ಎಂಬುದಷ್ಟೇ ಅಲ್ಲ, ತಾನು ಯಾರಿಗೆ ಉತ್ತರದಾಯಿ ಎಂಬುದನ್ನೂ ಅವನು ಹೇಳಿದ.

‘ಇದನ್ನು ಏನೆಂದು ಕರೆಯುತ್ತೀರಿ’ ಎಂಬ ಪ್ರಶ್ನೆಯಿಂದ ‘ಅದು ನಾನಲ್ಲ’ ಎಂಬ ನಿರಾಕರಣೆಯವರೆಗೆ ಬರಲು ಗ್ರೈಮ್‌ಗೆ ಹತ್ತು ವರ್ಷ ಹಿಡಿಯಿತು. ನಿರಾಕರಣೆ ಅಗತ್ಯವಾದ ಮೆಟ್ಟಿಲು. ಆದರೆ ಅದು ಮನೆಯಲ್ಲ. ಎರವಲು ದನಿಯನ್ನು ಬಿಟ್ಟು ಸ್ವಂತ ದನಿಗೆ ಮರಳುವುದು ಅರ್ಧ ದಾರಿ. ಆ ದನಿಯಿಂದ ಹೊರಟ ಮಾತಿಗೆ ಹೊಣೆಯಾಗುವುದು ಉಳಿದರ್ಧ. ಎಳೆಯರು ವೇಷ ಬದಲಿಸಿದಾಗ ನಾವು ಹಿರಿಯರು ಬೇಗ ಮುನಿಯುತ್ತೇವೆ. ವೇಷ ಕಳಚಿದಾಗ ಬೇಗ ಚಪ್ಪಾಳೆ ತಟ್ಟುತ್ತೇವೆ. ಎರಡಕ್ಕೂ ಅವಸರ ಬೇಡ. ಅವರು ಏನು ಹೇಳುತ್ತಿದ್ದಾರೆಂಬುದನ್ನು ಕೂತು ಕೇಳೋಣ, ಆ ಸಂಗೀತದ ಮೇಷ್ಟ್ರು ಕೇಳಿದಂತೆ.